ಅಕ್ಷರಗುಂಡು, ಎಮ್ಮೆಗುಂಡು, ಬಳೆಗಾರರ ಗುಂಡು

ಮೊಳಕಾಲ್ಮೂರು ಸೀಮೆಯಲ್ಲಿ ಯಾವ ವರ್ಷವೂ ಕೈಕೊಡದ ಫಸಲು ಒಂದೇ, ಕಲ್ಲು. ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆಗೆ ಬಿದ್ದರೆ ಮೊದಲು ಶೇಂಗಾ ಹೊಲ, ಆಮೇಲೆ ಶೇಂಗಾ ಬಿತ್ತಿ ಮುಗಿಲು ನೋಡುತ್ತಿರುವ ಹೊಲ, ಆಮೇಲೆ ಬಿತ್ತುವ ಧೈರ್ಯವೂ ಸಾಲದೆ ಬಿಟ್ಟ ಹೊಲ. ಅದರಾಚೆ ಗುಡ್ಡಗಳು. ಒಂದರ ಮೇಲೊಂದು ಏರಿ ಕೂತ ಬಂಡೆಗಳು ಇನ್ನೇನು ಉರುಳಿಯೇ ಬಿಟ್ಟವು ಅನ್ನಿಸುತ್ತದೆ, ಉರುಳುವುದಿಲ್ಲ. ಸಂದಿಯಲ್ಲಿ ಸೀತಾಫಲದ ಗಿಡ, ಗವಿಯಲ್ಲಿ ಕರಡಿ, ಬುಡದಲ್ಲಿ ಕುರಿ ರೊಪ್ಪ. ಇಷ್ಟು ಕಲ್ಲಿರುವ ಕಡೆ ಜನ ಯಾವ ಕಲ್ಲಿಗೂ ಪುಕ್ಕಟೆ ಮರ್ಯಾದೆ ಕೊಡುವುದಿಲ್ಲ. ಕಲ್ಲಾದದ್ದು ಕೆಲಸಕ್ಕೆ ಬರಬೇಕು: ಬಟ್ಟೆ ಒಗೆಯಲು, ಕಾಳು ಒಣಗಿಸಲು, ಹೊಲದ ಗಡಿ ತೋರಿಸಲು. ಯಾವುದಕ್ಕೂ ಬಾರದಿದ್ದರೆ ದೇವರಾಗಬೇಕು.

ಇಂಥ ಲೆಕ್ಕವಿಲ್ಲದ ಕಲ್ಲುಗಳಲ್ಲಿ ಮೂರರ ಮೇಲೆ ಅಶೋಕನ ಶಾಸನವಿದೆ. ಬ್ರಹ್ಮಗಿರಿಯ ಬುಡದಲ್ಲಿ ಒಂದು, ಸಿದ್ಧಾಪುರದ ಬಳಿ ಒಂದು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಒಂದು. ಮೂರೂ ಒಂದರಿಂದೊಂದು ನಡೆದು ಮುಟ್ಟುವಷ್ಟು ದೂರ. 1892ರಲ್ಲಿ ಬಿ. ಎಲ್. ರೈಸ್ ಇವನ್ನು ಪತ್ತೆ ಮಾಡಿದರು ಎಂದು ಪುಸ್ತಕಗಳಲ್ಲಿದೆ. ರೈಸ್ ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ಸಂಸ್ಥಾನದ ಮೂಲೆ ಮೂಲೆಯ ಶಾಸನಗಳನ್ನು ಓದಿದ ದೊಡ್ಡ ಮನುಷ್ಯ. ಅವರ ಹಿರಿಮೆಗೆ ನನ್ನದೇನೂ ತಕರಾರಿಲ್ಲ. ಆದರೆ ಅವರು ಬರುವ ಹೊತ್ತಿಗೆ ಮೂರು ಕಲ್ಲಿಗೂ ನಾಮಕರಣ ಆಗಿಹೋಗಿತ್ತು. ಬ್ರಹ್ಮಗಿರಿಯದು ಅಕ್ಷರಗುಂಡು. ಸಿದ್ಧಾಪುರದ್ದು ಎಮ್ಮೆ ಕಾಯುವ ತಿಮ್ಮಯ್ಯನ ಗುಂಡು. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಆ ಹೆಸರು ತೆಲುಗಿನಲ್ಲಿತ್ತು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಓದಲು ಬಾರದ ಬರಹವನ್ನು ಬರಹವೆಂದು ಗುರುತಿಸಿ ಹೆಸರಿಟ್ಟ ಊರಿಗೆ ಪತ್ತೆಯ ಕೀರ್ತಿಯಲ್ಲಿ ಅರ್ಧ ಪಾಲಾದರೂ ಸಲ್ಲಬೇಕು.

ದೇವಸಮುದ್ರದಲ್ಲಿ ಆಟೋ ಹಿಡಿದೆ. ಚಾಲಕನಿಗೆ ಮೂವತ್ತರ ಆಸುಪಾಸು, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಮೂರು ಗುಂಡು ನೋಡಬೇಕು ಅಂದಾಗ ಅವನು ನನ್ನ ಕೈಚೀಲದ ಕಡೆ ಒಮ್ಮೆ ನೋಡಿದ. ಯಾಕೆ ನೋಡಿದ ಎಂದು ಆಗ ಹೊಳೆಯಲಿಲ್ಲ.

“ಗುಂಡು ನೋಡಾಕೆ ಬೆಂಗಳೂರಿಂದ ಬಂದ್ರಾ ಸಾ?”

“ಗುಂಡಿನ ಮೇಲಿನ ಬರಹ ನೋಡೋಕೆ.”

“ಓದಾಕೆ ಬರ್ತೈತಾ?”

“ಇಲ್ಲ. ಬೇರೆಯವರು ಓದಿಟ್ಟಿದ್ದನ್ನ ಓದಿದ್ದೀನಿ.”

“ಹಂಗಾರೆ ಮನೆಯಾಗೇ ಓದಬೋದಿತ್ತಲ್ಲ,” ಅಂದವನೇ ಆಟೋ ಚಾಲೂ ಮಾಡಿದ. ಬಾಡಿಗೆ ಮಾತ್ರ ಮೊದಲೇ ಖಚಿತ ಮಾಡಿಕೊಂಡ.

ಬ್ರಹ್ಮಗಿರಿ ದೂರದಿಂದ ನೋಡಿದರೆ ತಾಲ್ಲೂಕಿನ ಉಳಿದ ಗುಡ್ಡಗಳಿಗಿಂತ ಹೆಚ್ಚಿನ ಠೀವಿಯದೇನಲ್ಲ. ಹೆಸರು ಕಟ್ಟಿಕೊಂಡ ಗುಡ್ಡ ಇದೇ ಎಂದು ಯಾರಾದರೂ ಬೆರಳು ಮಾಡಿ ತೋರಿಸಬೇಕು. ಬಳ್ಳಾರಿ ಜಾಲಿ ಎರಡೂ ಕಡೆಯಿಂದ ಬಟ್ಟೆ ಜಗ್ಗುವ ದಾರಿಯಲ್ಲಿ ನಡೆದರೆ ಬುಡದಲ್ಲಿ ಅಕ್ಷರಗುಂಡು, ಅದರ ರಕ್ಷಣೆಗೆಂದು ಕಟ್ಟಿದ ಕಟ್ಟಡ, ಬಾಗಿಲಿಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ಊರಲ್ಲಿ ಇರುತ್ತಾರೆ ಎಂದು ಒಬ್ಬರು, ಇವತ್ತು ಇರುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಸರಳಿಗೆ ಹಣೆ ಒತ್ತಿ ನಿಂತೆ. ಬಂಡೆ ಅಗಲವಾಗಿ ಮಲಗಿದೆ. ಬಿಸಿಲು ಓರೆಯಾಗಿ ಬಿದ್ದ ಭಾಗದಲ್ಲಿ ಮಾತ್ರ ಅಕ್ಷರ ಎದ್ದು ಬರುತ್ತದೆ: ಒಂದು ಕೂಡಿಸುವ ಗುರುತು, ಒಂದು ಸೊನ್ನೆ, ಒಂದು ಗಾಳ. ಬ್ರಾಹ್ಮಿ ಲಿಪಿ ಕಲಿಯದವನಿಗೆ ಅದು ಮಗುವಿನ ಸ್ಲೇಟು. ಆದರೂ ಇಲ್ಲಿ ಕಣ್ಣು ತಿದ್ದುತ್ತಿರುವುದು ಕರ್ನಾಟಕದ ಅತಿ ಹಳೆಯ ಬರಹಗಳಲ್ಲೊಂದರ ಮೇಲೆ ಎಂಬುದು ಮನಸ್ಸಿಗೆ ಬಂದರೆ ಜಾಲಿ ಮುಳ್ಳಿನ ಗೀರು ಮರೆಯುತ್ತದೆ.

ಈ ಶಾಸನದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದರ ಮೊದಲ ಸಾಲುಗಳು. ರಾಜನ ಮಾತು ಶುರುವಾಗುವ ಮುಂಚೆ ಒಂದು ಪೀಠಿಕೆಯಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಹೀಗೆ ತಿಳಿಸುತ್ತಾರೆ ಎಂಬ ಒಕ್ಕಣೆ. ಅಂದರೆ ದಕ್ಷಿಣದ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ರಾಜಕುಮಾರನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಮೇಲ್ಪತ್ರ ಅದು. ಚಕ್ರವರ್ತಿಯ ಆದೇಶದ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದೆ, ಮುಂದಿನ ಕ್ರಮ ಜರುಗಿಸುವುದು ಎಂಬ ಧಾಟಿ. ಕಲ್ಲಿಗೆ ಹಾಕಬೇಕಾದದ್ದು ಲಗತ್ತನ್ನು ಮಾತ್ರ. ಬೇರೆ ಊರುಗಳಲ್ಲಿ ಹಾಗೇ ಹಾಕಿದ್ದಾರೆ. ಇಸಿಲದವರು ಉಭಯ ಕುಶಲೋಪರಿಯನ್ನೂ ಬಿಡದೆ ಸಮಸ್ತ ಕಡತವನ್ನೂ ಕೆತ್ತಿಸಿಬಿಟ್ಟರು. ಮೇಲಿನಿಂದ ಬಂದ ಕಾಗದದಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತೀರ್ಮಾನಿಸುವ ಹೊಣೆ ನಮಗೇಕೆ ಎಂದುಕೊಂಡ ನೌಕರ ಅವನು. ತಾಲ್ಲೂಕು ಕಚೇರಿಗೆ ಒಮ್ಮೆಯಾದರೂ ಅರ್ಜಿ ಹಿಡಿದು ಹೋದವರಿಗೆ ಆ ಮನುಷ್ಯ ಅಪರಿಚಿತನಲ್ಲ. ಅವನ ಈ ಅತಿನಿಷ್ಠೆಯಿಂದಲೇ ಇಸಿಲ ಎಂಬ ಊರಿತ್ತು ಎಂದು ನಮಗೆ ತಿಳಿಯಿತು. ಆ ಊರು ಇದೇ ಗುಡ್ಡದ ಬುಡದಲ್ಲಿತ್ತು ಎಂದು ವಿದ್ವಾಂಸರ ಎಣಿಕೆ.

ಬರೆದವನ ಹೆಸರೂ ಇದೆ, ಚಪಡ. ಶಾಸನದ ಕೊನೆಗೆ ಬ್ರಾಹ್ಮಿಯಲ್ಲಿ ತನ್ನ ಹೆಸರು ಹಾಕಿ, ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಈಗಿನ ಪೇಶಾವರ ಸುತ್ತಿನದು. ಅಲ್ಲಿಂದ ಇಲ್ಲಿಗೆ ವರ್ಗವಾಗಿ ಬಂದವನೋ, ನಾಲ್ಕು ಲಿಪಿ ಬಲ್ಲೆ ಎಂದು ತೋರಿಸಿಕೊಳ್ಳುವ ಚಪಲದವನೋ. ಇಸಿಲದಲ್ಲಿ ಆ ಒಂದು ಪದವನ್ನು ಓದಬಲ್ಲವರು ಇನ್ನೊಬ್ಬರಿದ್ದರು ಎಂದು ನನಗನ್ನಿಸುವುದಿಲ್ಲ. ಎರಡು ಸಾವಿರ ವರ್ಷ ಕಾದು, ಕೊನೆಗೂ ಓದುಗರನ್ನು ಸಂಪಾದಿಸಿದ ಬರಹಗಾರ ಅವನು. ನಮ್ಮ ಕಸುಬಿನವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಲಗತ್ತಿನಲ್ಲಿ ಏನಿದೆ? ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಮೊದಲ ಒಂದು ವರ್ಷ ಅಂಥ ಶ್ರಮವೇನೂ ಪಡಲಿಲ್ಲ ಎಂದು ಚಕ್ರವರ್ತಿ ತಾನಾಗಿಯೇ ಹೇಳುತ್ತಾನೆ. ಸಂಘದ ಹತ್ತಿರ ಹೋದ ಮೇಲೆ ಪಟ್ಟುಹಿಡಿದನಂತೆ. ಹಾಗೆ ಪಟ್ಟುಹಿಡಿದರೆ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತಾನೆ. ಸಾಧನೆಯ ಫಲಕಗಳನ್ನು ಊರೂರಿಗೆ ನೆಡುವ ನಮ್ಮ ಕಾಲದಲ್ಲಿ ಮೊದಲ ವರ್ಷ ಏನೂ ಕೆಲಸವಾಗಲಿಲ್ಲ ಎಂದು ಬರೆಸಿದ ಆಡಳಿತ ಇನ್ನೊಂದಿದ್ದರೆ ನೋಡಬೇಕು. ಆಮೇಲೆ ಬುದ್ಧಿಮಾತು: ತಂದೆ ತಾಯಿಯ ಮಾತು ಕೇಳು, ಪ್ರಾಣಿಗಳ ಮೇಲೆ ದಯೆ ಗಟ್ಟಿಯಾಗಿರಲಿ, ಸತ್ಯ ನುಡಿ, ಗುರುವಿಗೆ ಮರ್ಯಾದೆ ಕೊಡು, ನೆಂಟರೊಡನೆ ತಕ್ಕಂತೆ ನಡೆ. ರಾಂಪುರದ ಯಾವುದೇ ತಾಯಿ ಮಗನಿಗೆ ತಲೆ ಬಾಚುತ್ತ ಹೇಳುವುದು ಇಷ್ಟನ್ನೇ. ಅಶೋಕನಿಗೂ ಅದು ಗೊತ್ತಿತ್ತು. ಇದು ಹಿಂದಿನಿಂದ ನಡೆದು ಬಂದ ರೀತಿ ಎಂದು ತಾನೇ ಒಪ್ಪಿಕೊಂಡಿದ್ದಾನೆ.

ಅಶೋಕ ಎಂಬ ಹೆಸರು ಇಲ್ಲಿನ ಮೂರು ಕಲ್ಲಿನಲ್ಲೂ ಇಲ್ಲ, ದೇವಾನಾಂಪ್ರಿಯ ಎಂದಷ್ಟೇ ಇದೆ. ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ. ನಮ್ಮ ಸಿದ್ಧಾಪುರ ಮಾತ್ರ ಧಾರಾಳವಾಗಿ ಅಶೋಕ ಸಿದ್ಧಾಪುರ ಆಗಿದೆ.

ಗುಡ್ಡದ ಬುಡದಲ್ಲಿ ಕಲ್ಲಿನ ವೃತ್ತಗಳಿವೆ. ನೆಟ್ಟ ಚಪ್ಪಡಿಗಳ ನಡುವೆ ಒಳಗೊಂದು ಕೋಣೆ, ಮೂಡಣ ಚಪ್ಪಡಿಗೆ ಕೊರೆದ ದುಂಡನೆಯ ಕಿಂಡಿ. ಬೃಹತ್ ಶಿಲಾಯುಗದ ಗೋರಿಗಳು. ಕೆಲವು ಬಾಯಿ ತೆರೆದಿವೆ. ಅದರಲ್ಲಿ ಪಂಡಿತರು ತೆರೆದದ್ದೆಷ್ಟೋ, ರಾತ್ರಿ ಹಾರೆ ತಂದವರು ತೆರೆದದ್ದೆಷ್ಟೋ. 1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನದ ಪುರಾತತ್ವದ ಡಾ. ಎಂ. ಎಚ್. ಕೃಷ್ಣ ಇಲ್ಲಿ ಅಗೆಸಿದರು. 1947ರಲ್ಲಿ ಬಂದವರು ಮಾರ್ಟಿಮರ್ ವೀಲರ್, ಆಗ ಭಾರತದ ಪುರಾತತ್ವ ಇಲಾಖೆಯ ಮಹಾ ನಿರ್ದೇಶಕರು, ಮೀಸೆಗೂ ಶಿಸ್ತಿಗೂ ಸಮಾನ ಖ್ಯಾತಿಯವರು.

ವೀಲರ್ ಅವರ ಹಿಂದಿನ ಕಥೆ ಓದಿದ ಮೇಲೆ ಈ ಹೊಲ ನನಗೆ ಬೇರೆಯಾಗಿ ಕಾಣುತ್ತದೆ. 1926-27ರಲ್ಲಿ ಅವರು ಮತ್ತು ಹೆಂಡತಿ ಟೆಸ್ಸಾ ವೇಲ್ಸ್‌ನ ಕಾರ್ಲಿಯನ್‌ನಲ್ಲಿ ರೋಮನ್ನರ ಬಯಲು ರಂಗವೊಂದನ್ನು ಅಗೆಸಿದರು. ಗಂಡ ಲಂಡನ್ನಿನ ನೌಕರಿಗೆ ಹೋದ ಮೇಲೆ ಅಲ್ಲಿ ನಿಂತು ಕೆಲಸ ನಡೆಸಿದವಳು ಟೆಸ್ಸಾ. ಕ್ರಿಸ್ತಶಕ 90ರ ಸುಮಾರಿಗೆ ಕಟ್ಟಿದ, ಆರು ಸಾವಿರ ಜನ ಕೂರುವ ರಂಗ ಅದು, ಇಸ್ಕಾ ಎಂಬ ದಂಡಿನ ಊರಿನದು. ಅಗೆಯುವ ಮುಂಚೆ ಅದು ಹುಲ್ಲು ಮುಚ್ಚಿದ ತಗ್ಗು. ಊರವರು ಅದನ್ನು ಕರೆಯುತ್ತಿದ್ದದ್ದು ಆರ್ಥರ್ ದೊರೆಯ ದುಂಡು ಮೇಜು ಎಂದು. ಆರ್ಥರನ ಹೆಸರಿದ್ದುದರಿಂದಲೇ ಒಂದು ದಿನಪತ್ರಿಕೆ ಅಗೆತಕ್ಕೆ ಹಣ ಕೊಟ್ಟಿತು. ತಿಮ್ಮಯ್ಯನ ಹೆಸರಿಗೆ ಯಾವ ಪತ್ರಿಕೆಯೂ ಹಾಗೆ ಕೈಚೀಲ ಬಿಚ್ಚಲಿಕ್ಕಿಲ್ಲ. ಆದರೆ ಎರಡೂ ಕಡೆ ನಡೆದದ್ದು ಒಂದೇ. ಕಟ್ಟಿದವರನ್ನು ಮರೆತ ಜನ ಕೈಗೆ ಸಿಕ್ಕ ದೊಡ್ಡ ಹೆಸರನ್ನು ಅಂಟಿಸಿ ಜಾಗವನ್ನು ಉಳಿಸಿಕೊಂಡರು. ಅವರ ಪಾಲಿಗೆ ದೊಡ್ಡ ಹೆಸರು ದೊರೆಯದು, ನಮ್ಮ ಪಾಲಿಗೆ ಎಮ್ಮೆ ಕಾಯುವವನದು.

ರೋಮನ್ನರು ವೀಲರ್ ಜೊತೆಗೇ ಬ್ರಹ್ಮಗಿರಿಗೂ ಬಂದರು. 1945ರಲ್ಲಿ ಅವರು ಪುದುಚೇರಿಯ ಬಳಿ ಅರಿಕಮೇಡಿನಲ್ಲಿ ಅಗೆಸಿದಾಗ ಇಟಲಿಯ ಮಣ್ಣಿನ ಪಾತ್ರೆಗಳ ಚೂರು ಸಿಕ್ಕಿದ್ದವು. ಇಟಲಿಯ ಪಾತ್ರೆಯ ಕಾಲ ಗೊತ್ತು, ಅದರ ಜೊತೆಗೆ ಸಿಕ್ಕ ಗೀರುಚಕ್ರದ ಗುರುತಿನ ತಟ್ಟೆಯ ಕಾಲವೂ ಹಾಗಾಗಿ ಗೊತ್ತಾಯಿತು. ಅಂಥದೇ ತಟ್ಟೆಯ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಂತೂ ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳೇ ಸಿಕ್ಕಿವೆ. ವೀಲರ್ ಈ ಮೇಲಿನ ಪದರವನ್ನು ಮೊಳೆ ಹೊಡೆದು ನಿಲ್ಲಿಸಿ ಅಲ್ಲಿಂದ ಕೆಳಕ್ಕೆ ಎಣಿಸಿದರು: ಮೇಲೆ ಆಂಧ್ರರ ಕಾಲ, ಅದರ ಕೆಳಗೆ ಗೋರಿ ಕಟ್ಟಿದ ಕಬ್ಬಿಣದವರು, ಎಲ್ಲಕ್ಕಿಂತ ಕೆಳಗೆ ಕಲ್ಲುಕೊಡಲಿಯವರು. ಪದರಗಳ ಈ ಅನುಕ್ರಮ ಇಂದಿಗೂ ದಕ್ಷಿಣ ಭಾರತದ ಪ್ರಾಗಿತಿಹಾಸದ ಬೆನ್ನುಮೂಳೆ. ವಯಸ್ಸು ಮಾತ್ರ ನಿಲ್ಲಲಿಲ್ಲ. ಗೋರಿಯವರು ಬಂದದ್ದು ಕ್ರಿಸ್ತಪೂರ್ವ 200ರ ಸುಮಾರಿಗೆ ಎಂದು ಅವರು ಹೇಳಿದ್ದರು. ಇಂಗಾಲದ ಪರೀಕ್ಷೆಗಳು ಬಂದ ಮೇಲೆ ದಕ್ಷಿಣದ ಇಂಥ ಗೋರಿಗಳು ಸಾವಿರದ ಆಸುಪಾಸಿಗೆ, ಅದಕ್ಕೂ ಹಿಂದಕ್ಕೆ ಹೋದವು. ರೋಮಿನ ಗಡಿಯಾರ ನೋಡಿ ಹೇಳಿದ್ದರಿಂದ ನಮ್ಮ ಪೂರ್ವಿಕರು ಹಲವು ಶತಮಾನ ಎಳೆಯರಾಗಿ ಓಡಾಡಿಕೊಂಡಿದ್ದರು. ಅದರಿಂದ ಅವರಿಗೇನೂ ನಷ್ಟವಾಗಲಿಲ್ಲ ಎನ್ನಿ.

ಆ ವೃತ್ತಗಳ ನಡುವೆ ನಿಂತು ರೋಮಿನವರ ರಂಗಗಳನ್ನು ನೆನೆಯದಿರುವುದು ಕಷ್ಟ. ರೋಮಿನಲ್ಲಿ ಕತ್ತಿವರಸೆಯವರ ಮೊದಲ ಕಾದಾಟ ನಡೆದದ್ದು ಕ್ರಿಸ್ತಪೂರ್ವ 264ರಲ್ಲಿ. ಸತ್ತ ತಂದೆಯ ಉತ್ತರಕ್ರಿಯೆಗೆಂದು ಇಬ್ಬರು ಮಕ್ಕಳು ದನದ ಸಂತೆಯ ಬಯಲಿನಲ್ಲಿ ಮೂರು ಜೋಡಿಗಳನ್ನು ಕಾದಾಡಿಸಿದರು. ಆ ಹೊತ್ತಿಗೆ ಇಲ್ಲಿ ಅಶೋಕ ಪಟ್ಟಕ್ಕೆ ಬಂದು ನಾಲ್ಕೈದು ವರ್ಷ, ಕಳಿಂಗ ಯುದ್ಧ ಇನ್ನೂ ಮುಂದಿತ್ತು. ಒಂದು ಕಡೆ ಸಾವು ಆಟವಾಗಲು ಶುರುವಾದ ದಶಕದಲ್ಲೇ ಇನ್ನೊಂದು ಕಡೆ ಒಬ್ಬ ರಾಜ ಸಾವಿನ ಲೆಕ್ಕ ನೋಡಿ ಬೆಚ್ಚಿದ. ರೋಮಿನ ಮೂರು ಜೋಡಿ ಬೆಳೆದು ಕೊಲೋಸಿಯಂ ಆಯಿತು. ಅದರ ಉದ್ಘಾಟನೆಯ ನೂರು ದಿನಗಳಲ್ಲಿ 9,000 ಪ್ರಾಣಿಗಳು ಸತ್ತವು ಎಂದು ಡಿಯೊ ಎಂಬ ಇತಿಹಾಸಕಾರ ಬರೆದಿದ್ದಾನೆ. ಅಶೋಕನ ಲೆಕ್ಕ ಇಳಿಯುತ್ತ ಹೋಯಿತು. ಹಿಂದೆ ಅರಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಇಲ್ಲ ಎಂದು ಒಂದು ಶಾಸನದಲ್ಲಿ ಹೇಳುತ್ತಾನೆ. ಆ ಶಾಸನದ ಪ್ರತಿ ಇಲ್ಲಿಂದ ಪೂರ್ವಕ್ಕೆ, ಗುತ್ತಿಯ ಹತ್ತಿರ ಎರ್ರಗುಡಿಯ ಬಂಡೆಯ ಮೇಲೂ ಇದೆ. ಅದರಲ್ಲೇ ಇನ್ನೊಂದು ಕಟ್ಟಳೆ: ಸಮಾಜಗಳನ್ನು, ಅಂದರೆ ಜನ ನೆರೆದು ಗದ್ದಲವೆಬ್ಬಿಸುವ ಜಾತ್ರೆ ಉತ್ಸವಗಳನ್ನು, ಮಾಡಕೂಡದು, ಅದರಲ್ಲಿ ಬಹಳ ದೋಷ ಕಾಣುತ್ತದೆ, ಕೆಲವು ಮಾತ್ರ ಒಳ್ಳೆಯವು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಜಟಿಂಗ ರಾಮೇಶ್ವರಕ್ಕೆ ಹತ್ತಬೇಕು. (ನಡುವೆ ಎಮ್ಮೆ ತಿಮ್ಮಯ್ಯನ ಗುಂಡನ್ನು ನೋಡಿದೆವು. ಎಮ್ಮೆ ಇರಲಿಲ್ಲ, ಒಂದು ಹಿಂಡು ಮೇಕೆ ಇತ್ತು. ಅಕ್ಷರ ಬ್ರಹ್ಮಗಿರಿಯಷ್ಟು ತಿಳಿಯಾಗಿಲ್ಲ. ಮೇಕೆಗಳು ನಮ್ಮನ್ನೇ ಹೆಚ್ಚು ಕುತೂಹಲದಿಂದ ನೋಡಿದವು.) ರಾವಣನೊಡನೆ ಕಾದಿದ ಜಟಾಯು ಬಿದ್ದದ್ದು ಈ ಬೆಟ್ಟದ ಮೇಲೆ, ರಾಮ ಲಿಂಗ ಸ್ಥಾಪಿಸಿದ್ದೂ ಇಲ್ಲೇ ಎಂದು ಸ್ಥಳಪುರಾಣ. ಮೆಟ್ಟಿಲು ಹತ್ತಿ ಉಸಿರು ಸೋತ ಮೇಲೆ ಗುಡಿಯ ಮುಂದಿನ ಹಾಸುಬಂಡೆ. ಅದೇ ಬಳೆಗಾರರ ಗುಂಡು. ವರ್ಷವರ್ಷದ ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಆ ಬಂಡೆಯ ಮೇಲೆ, ಸರಿಯಾಗಿ ಚಕ್ರವರ್ತಿಯ ಅಪ್ಪಣೆಯ ಮೇಲೆ. ಜಾತ್ರೆ ಬೇಡ ಎಂದವನ ಮಾತಿನ ಮೇಲೆ ಗಾಜಿನ ಬಳೆಯ ಮಲಾರ ಹರವಿ ಕೂತು, ಹೆಣ್ಣುಮಕ್ಕಳ ಕೈ ಹಿಂಡಿ ಬಳೆ ತೊಡಿಸಿದ ಎಷ್ಟು ತಲೆಮಾರು! ಮೂರರಲ್ಲಿ ಹೆಚ್ಚು ಸವೆದ ಶಾಸನ ಇದೇ. ಗಾಳಿ ಮಳೆಯ ಪಾಲೂ ಇದ್ದೀತು, ಜನರ ಕಾಲಿನ ಪಾಲಂತೂ ಇದ್ದೇ ಇದೆ. ಅಲ್ಲೊಂದು ಇಲ್ಲೊಂದು ಗೆರೆ ಕಾಣುತ್ತದೆ, ಅದು ಅಕ್ಷರವೋ ಬಂಡೆಯ ಬಿರುಕೋ ಎಂದು ಬಗ್ಗಿ ನೋಡಬೇಕು.

ಇದನ್ನು ಅನಾದರ ಎನ್ನಬೇಕೆ? ನನ್ನ ಓದಿನ ಕಣ್ಣು ಹೌದೆನ್ನುತ್ತದೆ. ಅಲ್ಬೇನಿಯಾದ ಡುರ್ರೆಸ್ ಎಂಬ ಊರಿನಲ್ಲಿ ರೋಮನ್ ರಂಗವೊಂದು 1966ರಲ್ಲಿ ಬೆಳಕಿಗೆ ಬಂದಾಗ ಅದರ ಮೇಲೆ ಮನೆಗಳು ನಿಂತಿದ್ದವು. ಪಟ್ಟಣ ಅದರ ಬೆನ್ನ ಮೇಲೇ ಬೆಳೆದಿತ್ತು, ಇವತ್ತಿಗೂ ಸುತ್ತ ಮನೆಗಳಿವೆ. ನೋಡಲು ಹೋದವರು ಕಸ, ಹುಲ್ಲು, ಬೇಲಿ ಎಂದು ಬೇಸರಪಟ್ಟುಕೊಂಡು ಬರುತ್ತಾರೆ. ನಾನೂ ಇಲ್ಲಿ ಕಸ, ಜಾಲಿ, ಬೀಗ ಎಂದು ಬೇಸರಪಟ್ಟುಕೊಂಡೆ. ಆದರೆ ಬೆಟ್ಟ ಹತ್ತಿ ಕೂತ ಮೇಲೆ ಅನ್ನಿಸಿದ್ದು, ಬಳೆಗಾರರು ಆ ಬಂಡೆಯನ್ನು ಒಂದು ವರ್ಷವೂ ಮರೆತಿರಲಿಲ್ಲ. ಬೀಗ ಹಾಕಿ ಮರೆಯುವುದು ಇನ್ನೊಂದು ಬಗೆ, ಅದು ಹೊಸ ಕಾಲದ್ದು. ಸವೆದ ಅಕ್ಷರಕ್ಕೆ ಮರುಗುತ್ತಲೇ ಹೇಳುತ್ತೇನೆ, ಈ ಎರಡರಲ್ಲಿ ಚಪಡ ಯಾವುದನ್ನು ಆರಿಸಿಕೊಳ್ಳುತ್ತಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೇಳಿಸಬೇಕೆಂದು ಬರೆದ ಮಾತು ಅದು. ಜನ ನೆರೆಯುವ ಜಾಗ ನೋಡಿಯೇ ಬಂಡೆ ಆರಿಸಿದ್ದಾನೆ. ಸಮಾಜದ ಮೇಲೆ ರಾಜನಿಗೆ ಎಷ್ಟೇ ಸಿಟ್ಟಿರಲಿ, ಲಿಪಿಕಾರನಿಗೆ ಸಂತೆ ಬೇಕು.

ಸಂಜೆ ರಾಂಪುರದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಬಳ್ಳಾರಿ ಲಾರಿಗಳು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಆಟೋದವನು ಇಡೀ ದಿನ ತಡೆದಿಟ್ಟುಕೊಂಡ ಪ್ರಶ್ನೆಯನ್ನು ಆಗ ಹೊರಗೆ ಹಾಕಿದ.

“ನಿಜ ಹೇಳ್ರಿ ಸಾ. ಆ ಕಲ್ಲಾಗೆ ನಿಧಿ ವಿಷ್ಯ ಏನಾದ್ರೂ ಬರ್ದೈತಾ?”

ಬೆಳಿಗ್ಗೆ ಅವನು ನನ್ನ ಕೈಚೀಲ ನೋಡಿದ್ದು ಯಾಕೆಂದು ಈಗ ತಿಳಿಯಿತು. ಹಾರೆ ಹಿಡಿಸುವಷ್ಟು ದೊಡ್ಡದಿದೆಯೇ ಎಂದು ಅಳೆದಿದ್ದ.

“ಬೆಳ್ಳಿ ಬಂಗಾರದ ಮಾತೇ ಇಲ್ಲ,” ಅಂದೆ. “ಒಂದು ಅಂಕಿ ಮಾತ್ರ ಇದೆ. ಇನ್ನೂರೈವತ್ತಾರು.”

ಅವನ ಕೈಯಲ್ಲಿನ ಮಿರ್ಚಿ ಬಾಯಿಗೆ ಹೋಗದೆ ನಿಂತಿತು. “ಇನ್ನೂರೈವತ್ತಾರು ಏನು?”

ಅವನೊಬ್ಬನೇ ಕೇಳಿದ ಪ್ರಶ್ನೆಯಲ್ಲ ಅದು. ಬುದ್ಧನ ನಿರ್ವಾಣದಿಂದ 256 ವರ್ಷ ಎಂದು ಬ್ಯೂಲರ್ ಎಂಬ ಪಂಡಿತರು ವಾದಿಸಿದ್ದರು. ಸಾರಲು ಹೊರಟ 256 ದೂತರು ಎಂದವರಿದ್ದಾರೆ. ರಾಜ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಎಂಬ ಅರ್ಥ ಈಗ ಹೆಚ್ಚು ಜನ ಒಪ್ಪುವಂಥದ್ದು. ಅದನ್ನೇ ಹೇಳಿದೆ.

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. “ಎಂಟೂವರೆ ತಿಂಗಳು! ಮನೆ ಬಿಟ್ಟು? ರಾಣಿ ಸುಮ್ನಿದ್ಲಾ ಸಾ? ನಾನು ಬಳ್ಳಾರಿಯಾಗೆ ಒಂದು ರಾತ್ರಿ ಉಳಿದ್ರೆ ಮನೆಯಾಗೆ ಮೂರು ದಿನ ಮಾತಿರಲ್ಲ.”

“ರಾಣಿಯದೂ ಒಂದು ಶಾಸನ ಇದೆ,” ಅಂದೆ. “ಅಲಹಾಬಾದಿನ ಕಂಬದ ಮೇಲೆ. ಕಾರುವಾಕಿ ಅಂತ ಅವಳ ಹೆಸರು, ಎರಡನೇ ರಾಣಿ. ಅವಳು ಕೊಟ್ಟ ಮಾವಿನ ತೋಪು, ತೋಟ, ಛತ್ರ, ಎಲ್ಲಾ ದಾನಾನೂ ಅವಳ ಹೆಸರಿಗೇ ಲೆಕ್ಕ ಬರೀಬೇಕು ಅಂತ ಅದರಲ್ಲಿದೆ.”

“ಹಂಗಾರೆ ಸರಿ ಬಿಡ್ರಿ,” ಎಂದು ಮಿರ್ಚಿ ಕಚ್ಚಿದ. “ಎಲ್ಲಾ ತನ್ನ ಹೆಸರಿಗೆ ಮಾಡಿಸ್ಕಂಡೇ ಕಳಿಸವ್ಳೆ.”